ಓದುಗರ ಪ್ರಶ್ನೆ: ಥರ್ಮಾಸಿನೊಳಗಿನ ಮೋಡ ಆರುವುದು ಹೇಗೆ?

ಕಳೆದ ತಿಂಗಳು ಮಹಾವ್ಯಾಧ ನಕ್ಷತ್ರಪುಂಜದ ಬಗ್ಗೆ ಬರೆಯುವಾಗ ಒಂದು ಸಾಲು ಸೇರಿಸಿದ್ದೆ: "ನಕ್ಷತ್ರ ಹುಟ್ಟಬೇಕಾದರೆ ಮೊದಲು ಅನಿಲ ತಣ್ಣಗಾಗಬೇಕು. ಆ ಕೆಲಸ ಶುರು ಮಾಡುವುದು ಒಂದು ಎಲೆಕ್ಟ್ರಾನ್ ಕಳೆದುಕೊಂಡ ಇಂಗಾಲ." ವಿವರಿಸದೆ ಮುಂದೆ ಹೋಗಿದ್ದೆ. ಆ ಒಂದೇ ಸಾಲನ್ನು ಹಿಡಿದು ಇಪ್ಪತ್ತಕ್ಕೂ ಹೆಚ್ಚು ಪತ್ರಗಳು ಬಂದಿವೆ. ಓದಿ ತುಂಬಾ ಸಂತೋಷವಾಯಿತು. ಹಾಗಾಗಿ ಈ ಸಂಚಿಕೆ ಪೂರ್ತಿ ಇದೊಂದೇ ವಿಷಯ. ಬೇರೆ ಪ್ರಶ್ನೆ ಕಳಿಸಿದವರು ದಯವಿಟ್ಟು ಒಂದು ತಿಂಗಳು ಕಾಯಬೇಕು.

ಪ್ರಶ್ನೆ: ಮೇಡಂ, ಬಾಹ್ಯಾಕಾಶದಲ್ಲಿ ಮೊದಲೇ ಕೊರೆಯುವ ಚಳಿ ಅಲ್ವಾ? ಬಿಸಿ ಪಾತ್ರೆಯನ್ನು ಹೊರಗಿಟ್ಟರೆ ತಾನಾಗಿಯೇ ಆರುತ್ತದೆ. ಅನಿಲವೂ ಹಾಗೇ ಆರಬಹುದಲ್ಲ, ಅದಕ್ಕೆ ಇಂಗಾಲ ಯಾಕೆ ಬೇಕು?
— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ಮಗೂ, ಅಂಗಳದಲ್ಲಿಟ್ಟ ಪಾತ್ರೆ ಆರುವುದು ಅದರ ಸುತ್ತ ಗಾಳಿ ಇರುವುದರಿಂದ. ಗಾಳಿ ಪಾತ್ರೆಯನ್ನು ಮುಟ್ಟಿ, ಬಿಸಿಯಾಗಿ, ಮೇಲೆ ಹೋಗುತ್ತದೆ. ಅದರ ಜಾಗಕ್ಕೆ ಬೇರೆ ಗಾಳಿ ಬರುತ್ತದೆ. ಈಗ ಥರ್ಮಾಸ್ ಫ್ಲಾಸ್ಕ್ ನೆನಪಿಸಿಕೋ. ಅದರ ಎರಡು ಗೋಡೆಗಳ ನಡುವಿನ ಗಾಳಿಯನ್ನು ತೆಗೆದಿರುತ್ತಾರೆ. ನನ್ನ ತಾಯಿಯ ಆಪರೇಷನ್ ಆದಾಗ ಬೆಳಿಗ್ಗೆ ಐದಕ್ಕೆ ಗಂಜಿ ಮಾಡಿ ಫ್ಲಾಸ್ಕಿಗೆ ತುಂಬಿಸಿ ಬಸ್ಸು ಹತ್ತುತ್ತಿದ್ದೆ. ಹನ್ನೊಂದು ಗಂಟೆಗೆ ಮುಚ್ಚಳ ತೆಗೆದರೂ ನಾಲಿಗೆ ಸುಡುವಷ್ಟು ಬಿಸಿ ಇರುತ್ತಿತ್ತು. ನಕ್ಷತ್ರಗಳ ನಡುವಿನ ಅನಿಲ ಅಂಥದ್ದೇ ಒಂದು ಫ್ಲಾಸ್ಕಿನೊಳಗೆ ಕೂತಿದೆ, ಸುತ್ತಲೂ ಹೆಚ್ಚುಕಡಿಮೆ ಏನೂ ಇಲ್ಲ. ಶಾಖವನ್ನು ಮುಟ್ಟಿ ಒಯ್ಯುವವರು ಯಾರೂ ಇಲ್ಲ. ಅದಕ್ಕೇ ಅಲ್ಲಿ 8,000 ಕೆಲ್ವಿನ್ ಅನಿಲವೂ 80 ಕೆಲ್ವಿನ್ ಅನಿಲವೂ ಅಕ್ಕಪಕ್ಕದಲ್ಲಿ ಇರುತ್ತವೆ. 80 ಕೆಲ್ವಿನ್ ಅಂದರೆ ಸೊನ್ನೆಗಿಂತ 193 ಡಿಗ್ರಿ ಸೆಲ್ಸಿಯಸ್ ಕೆಳಗೆ.

ಅಂಥ ಅನಿಲದಿಂದ ಶಾಖ ಹೊರಹೋಗಲು ಉಳಿದಿರುವುದು ಬೆಳಕಿನ ದಾರಿ. ಪರಮಾಣುಗಳು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ. ಢಿಕ್ಕಿಯ ಶಕ್ತಿಯಲ್ಲಿ ಒಂದು ಪಾಲನ್ನು ಯಾವುದಾದರೂ ಪರಮಾಣು ಒಳಗೆ ತೆಗೆದುಕೊಂಡು ಒಂದು ಮೆಟ್ಟಿಲು ಮೇಲೇರಬೇಕು. ಆಮೇಲೆ ಇಳಿಯುವಾಗ ಆ ಶಕ್ತಿಯನ್ನು ಬೆಳಕಾಗಿ ಬಿಡಬೇಕು. ಬೆಳಕು ಆ ಅನಿಲದ ಮೋಡದಿಂದ ಹೊರಗೆ ಹೋದರೆ ಅಷ್ಟು ಶಾಖ ಕಡಿಮೆಯಾಯಿತು.

ತೊಂದರೆ ಇರುವುದು ಮೆಟ್ಟಿಲಿನ ಎತ್ತರದಲ್ಲಿ. ಇದನ್ನು ನಾನು ಕ್ಲಾಸಿನಲ್ಲಿ ಸಂತೆಯ ಲೆಕ್ಕದಲ್ಲಿ ಹೇಳುತ್ತಿದ್ದೆ. ಒಂದು ಕೆಲ್ವಿನ್‌ಗೆ ಒಂದು ರೂಪಾಯಿ ಎಂದುಕೊಳ್ಳೋಣ. 80 ಕೆಲ್ವಿನ್ ಮೋಡದಲ್ಲಿ ಒಂದೊಂದು ಪರಮಾಣುವಿನ ಜೇಬಿನಲ್ಲೂ ಸುಮಾರು 80 ರೂಪಾಯಿ ಇದೆ. ಕೆಲವರ ಹತ್ತಿರ ಸ್ವಲ್ಪ ಜಾಸ್ತಿ, ಕೆಲವರ ಹತ್ತಿರ ಕಡಿಮೆ. ಮೋಡದ ಬಹುಪಾಲು ಹೈಡ್ರೋಜನ್. ಅದರ ಅಂಗಡಿಯಲ್ಲಿ ಎಲೆಕ್ಟ್ರಾನನ್ನು ಒಂದು ಮೆಟ್ಟಿಲು ಏರಿಸುವ ಬೆಲೆ ಸುಮಾರು 1,18,000 ರೂಪಾಯಿ. 80 ರೂಪಾಯಿ ಹಿಡಿದು ಹೋದವರಿಗೆ ಅಲ್ಲಿ ಏನೂ ಸಿಗುವುದಿಲ್ಲ. ಹೈಡ್ರೋಜನ್‌ನಲ್ಲಿ ಇನ್ನೊಂದು ಬಹಳ ಚಿಕ್ಕ ಮೆಟ್ಟಿಲಿದೆ. ರೇಡಿಯೋ ಖಗೋಳದವರು ನೋಡುವ ಪ್ರಸಿದ್ಧ 21 ಸೆಂಟಿಮೀಟರ್ ಅಲೆ ಬರುವುದು ಅದರಿಂದಲೇ. ಅದರ ಬೆಲೆ ಏಳು ಪೈಸೆ. ಆ ಏಳು ಪೈಸೆಯ ಬೆಳಕನ್ನು ಬಿಡಲು ಪರಮಾಣು ಸರಾಸರಿ ಒಂದು ಕೋಟಿ ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ಇಷ್ಟರಿಂದ ಮೋಡ ಆರುವುದಿಲ್ಲ.

ಒಂದು ಎಲೆಕ್ಟ್ರಾನ್ ಕಳೆದುಕೊಂಡ ಇಂಗಾಲದ (ಇದನ್ನೇ ಇಂಗಾಲದ ಅಯಾನು ಎನ್ನುತ್ತೇವೆ) ಅಂಗಡಿಯಲ್ಲಿ ಬೆಲೆ 91 ರೂಪಾಯಿ. 80 ರೂಪಾಯಿ ಸರಾಸರಿಯ ಸಂತೆಗೆ ಹೇಳಿ ಮಾಡಿಸಿದ ಬೆಲೆ. ಇಲ್ಲಿ ಎಲೆಕ್ಟ್ರಾನ್ ಬೇರೆ ಕಕ್ಷೆಗೆ ಹಾರುವುದೂ ಇಲ್ಲ. ಇದ್ದ ಕಕ್ಷೆಯಲ್ಲೇ ಇದ್ದು, ಬುಗುರಿಯ ಹಾಗೆ ತಾನು ತಿರುಗುವ ದಿಕ್ಕನ್ನು ಕಕ್ಷೆಯ ದಿಕ್ಕಿಗೆ ಹೋಲಿಸಿದರೆ ಬೇರೆ ಮಾಡಿಕೊಳ್ಳುತ್ತದೆ, ಅಷ್ಟೆ. ಮತ್ತೆ ಮೊದಲಿನ ಸ್ಥಿತಿಗೆ ಬರುವಾಗ 158 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಅಲೆಯುದ್ದದ ಬೆಳಕನ್ನು ಬಿಡುತ್ತದೆ. ಕಣ್ಣಿಗೆ ಕಾಣುವ ಹಸಿರು ಬೆಳಕಿನ ಅಲೆಗಿಂತ ಇದು ಸುಮಾರು 300 ಪಟ್ಟು ಉದ್ದ. ನಾವು ಇದನ್ನು ದೂರದ ಅವಕೆಂಪು ಎನ್ನುತ್ತೇವೆ.

ಇನ್ನು ಇದರ ವೇಗ. ಇಂಥ ಮೋಡದಲ್ಲಿ ಒಂದು ಘನ ಸೆಂಟಿಮೀಟರಿಗೆ ಸುಮಾರು 50 ಪರಮಾಣು ಇವೆ ಎಂದುಕೊಳ್ಳೋಣ. ನಾವು ಉಸಿರಾಡುವ ಗಾಳಿಯಲ್ಲಿ ಅಷ್ಟೇ ಜಾಗದಲ್ಲಿ 25ರ ಮುಂದೆ 18 ಸೊನ್ನೆ ಹಾಕಿದಷ್ಟು ಅಣುಗಳಿವೆ! ಅಷ್ಟು ವಿರಳವಾದ ಜಾಗದಲ್ಲಿ ಒಂದು ಇಂಗಾಲದ ಅಯಾನನ್ನು ಮೆಟ್ಟಿಲು ಹತ್ತಿಸುವಂಥ ಢಿಕ್ಕಿ ಸುಮಾರು ವರ್ಷಕ್ಕೊಮ್ಮೆ ಆಗುತ್ತದೆ. ಹತ್ತಿದ ಮೇಲೆ ಸರಾಸರಿ ಐದು ದಿನ ಅಲ್ಲೇ ಇದ್ದು, ಬೆಳಕು ಬಿಟ್ಟು ಇಳಿಯುತ್ತದೆ. ನಮ್ಮೂರ ಜಾತ್ರೆಯ ಹಾಗೆ: ವರ್ಷಕ್ಕೊಮ್ಮೆ, ಐದು ದಿನ. ಏಳು ಸಾವಿರ ಹೈಡ್ರೋಜನ್ ಪರಮಾಣುಗಳಿಗೆ ಅನಿಲದಲ್ಲಿರುವುದು ಸುಮಾರು ಒಂದು ಇಂಗಾಲ. ಆ ಒಂದು, ಏಳು ಸಾವಿರ ಜನರ ಶಾಖವನ್ನು ವರ್ಷಕ್ಕೊಂದು ಕಂತಿನಲ್ಲಿ ಹೊರಗೆ ಕಳಿಸುತ್ತಿರುತ್ತದೆ. ಹೊಸ ಶಾಖ ಬರುವುದು ನಿಂತುಹೋದರೆ ಇಡೀ ಮೋಡ ಸುಮಾರು ಹತ್ತು ಸಾವಿರ ವರ್ಷಗಳಲ್ಲಿ ಆರಿಹೋಗುತ್ತದೆ. ಗ್ಯಾಲಕ್ಸಿಯ ಕಾಲಮಾನದಲ್ಲಿ ಇದು ಬಹಳ ಬೇಗ.

ಆರಿದರೆ ಏನಾಗುತ್ತದೆ ಎಂದೂ ನೋಡೋಣ. ಬಿಸಿ ಅನಿಲ ಹಿಗ್ಗಲು ನೋಡುತ್ತದೆ, ಗುರುತ್ವ ಅದನ್ನು ಕುಗ್ಗಿಸಲು ನೋಡುತ್ತದೆ. ಸಾಂದ್ರತೆ ಬದಲಾಗದೆ ತಾಪ ನೂರು ಪಟ್ಟು ಇಳಿದರೂ ಸಾಕು, ತನ್ನ ಭಾರಕ್ಕೆ ತಾನೇ ಕುಸಿಯಲು ಬೇಕಾದ ಕನಿಷ್ಠ ರಾಶಿ ಸಾವಿರ ಪಟ್ಟು ಕಡಿಮೆಯಾಗುತ್ತದೆ. ಆಗ ಚಿಕ್ಕ ಚಿಕ್ಕ ತುಂಡುಗಳೂ ಕುಸಿಯಬಹುದು. ಆದರೆ 20 ಕೆಲ್ವಿನ್‌ಗಿಂತ ಕೆಳಗೆ ಇಂಗಾಲದ ಅಯಾನು ಕೈಚೆಲ್ಲುತ್ತದೆ. 80 ರೂಪಾಯಿಯ ಸಂತೆಯಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಢಿಕ್ಕಿಗೆ 91 ರೂಪಾಯಿ ಕೊಡುವ ಶಕ್ತಿ ಇರುತ್ತದೆ. 20 ರೂಪಾಯಿಯ ಸಂತೆಯಲ್ಲಿ ನೂರರಲ್ಲಿ ಒಂದಕ್ಕೆ ಮಾತ್ರ. ಅಲ್ಲಿಂದ ಮುಂದೆ ದಟ್ಟ ಮೋಡದ ಒಳಗೆ ಇಂಗಾಲವೇ ಆಮ್ಲಜನಕದ ಜೊತೆ ಸೇರಿ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಅದರ ಮೊದಲ ಮೆಟ್ಟಿಲು ಐದೂವರೆ ರೂಪಾಯಿ. ಹೀಗೆ 10 ಕೆಲ್ವಿನ್‌ವರೆಗೆ ಇಳಿಯಬಹುದು.

ಪ್ರಶ್ನೆ: ಕಾರ್ಬನ್ ಜಾಸ್ತಿಯಾಗಿ ಭೂಮಿ ಬಿಸಿಯಾಗುತ್ತಿದೆ ಅಂತ ದಿನಾ ಪೇಪರಿನಲ್ಲಿ ಬರುತ್ತದೆ. ನೀವು ಕಾರ್ಬನ್ ತಂಪು ಮಾಡುತ್ತದೆ ಅಂತೀರಿ. ಯಾವುದನ್ನು ನಂಬಬೇಕು?
— ಬೀಜ, ಗೊಬ್ಬರದ ವ್ಯಾಪಾರಿ, ರಾಯಚೂರು

ಉತ್ತರ: ಎರಡನ್ನೂ ನಂಬಿ, ಸರ್. ರಾಯಚೂರಿನ ಬಿಸಿಲಿನಲ್ಲಿ ಕೂತು ಈ ಪ್ರಶ್ನೆ ಕೇಳಿದ್ದೀರಿ, ನಿಮಗೆ ಸರಿಯಾದ ಉತ್ತರ ಸಲ್ಲಬೇಕು. ಮೊದಲನೆಯದಾಗಿ ಎರಡೂ ಒಂದೇ ವಸ್ತುವಲ್ಲ. ಇಲ್ಲಿರುವುದು ಕಾರ್ಬನ್ ಡೈಆಕ್ಸೈಡ್ ಅಣು, ಅಲ್ಲಿರುವುದು ಒಂಟಿ ಇಂಗಾಲದ ಅಯಾನು. ಆದರೆ ನಿಜವಾದ ವ್ಯತ್ಯಾಸ ಬೆಳಕು ಹೊರಗೆ ಹೋಗುತ್ತದೋ ಇಲ್ಲವೋ ಎಂಬುದರಲ್ಲಿದೆ.

ನೆಲ ಬಿಡುವ ಅವಕೆಂಪು ಬೆಳಕನ್ನು ಕಾರ್ಬನ್ ಡೈಆಕ್ಸೈಡ್ 15 ಮೈಕ್ರಾನ್ ಆಸುಪಾಸಿನಲ್ಲಿ ಹೀರಿಕೊಳ್ಳುತ್ತದೆ. ಕೆಳಗಿನ ಗಾಳಿ ದಟ್ಟವಾಗಿದೆ. ಒಂದು ಅಣು ಬಿಟ್ಟದ್ದನ್ನು ಇನ್ನೊಂದು ಹಿಡಿಯುತ್ತದೆ. ಶಾಖ ಸುಲಭಕ್ಕೆ ತಪ್ಪಿಸಿಕೊಳ್ಳುವುದಿಲ್ಲ. ನಕ್ಷತ್ರಗಳ ನಡುವಿನ ಅನಿಲ ವಿರಳ. ಅಲ್ಲಿ 158 ಮೈಕ್ರಾನ್ ಬೆಳಕು ಬಹುಪಾಲು ನೇರವಾಗಿ ಹೊರಟುಹೋಗುತ್ತದೆ.

ಇದರಲ್ಲಿ ನನಗೆ ಬಹಳ ಇಷ್ಟವಾದ ಒಂದು ವಿಷಯವಿದೆ. ನಮ್ಮದೇ ವಾತಾವರಣದ ಮೇಲಿನ ಪದರ, ಸ್ಟ್ರಾಟೋಸ್ಫಿಯರ್, ಅಲ್ಲಿ ಗಾಳಿ ತೆಳು. ಅಲ್ಲಿ ಇದೇ ಕಾರ್ಬನ್ ಡೈಆಕ್ಸೈಡ್ ಢಿಕ್ಕಿಯಿಂದ ಶಕ್ತಿ ಪಡೆದು, ಬೆಳಕು ಬಿಟ್ಟು, ಗಾಳಿಯನ್ನು ತಂಪು ಮಾಡುತ್ತದೆ. ಕಾರ್ಬನ್ ಡೈಆಕ್ಸೈಡ್ ಹೆಚ್ಚಾದರೆ ಕೆಳಗೆ ಸೆಕೆಯೂ ಮೇಲೆ ಚಳಿಯೂ ಹೆಚ್ಚುತ್ತವೆ ಎಂದು 1967ರಲ್ಲೇ ಮನಾಬೆ ಮತ್ತು ವೆದರಾಲ್ಡ್ ಎಂಬ ಹವಾಮಾನ ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದ್ದರು. ಆಮೇಲೆ ಅಳತೆಗಳಲ್ಲೂ ಅದೇ ಕಂಡಿತು. ಸೂರ್ಯನೇ ಜಾಸ್ತಿ ಉರಿದು ಭೂಮಿ ಬಿಸಿಯಾಗಿದ್ದರೆ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಹಾಗಾಗಿಲ್ಲ. ಹಾಗಾಗಿ ಪೇಪರಿನಲ್ಲಿ ಬರುವುದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ.

ಪ್ರಶ್ನೆ: ಹತ್ತು ಸಾವಿರ ವರ್ಷಕ್ಕೆ ಎಲ್ಲ ಆರುವುದಾದರೆ ಇಷ್ಟು ಕಾಲದ ಮೇಲೆ ಅನಿಲದಲ್ಲಿ ಶಾಖ ಉಳಿದಿರುವುದಾದರೂ ಹೇಗೆ?
— ನನ್ನ ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಉದ್ಯೋಗಿ. ಕರಡು ಪ್ರತಿ ಓದಿ ಕೇಳಿದರು

ಉತ್ತರ: ಖರ್ಚಿನ ಲೆಕ್ಕ ಓದಿ ಜಮೆ ಎಲ್ಲಿ ಎಂದು ಕೇಳಿದ್ದೀರಿ, ಸರಿಯಾಗಿದೆ. ಜಮೆ ಬರುವುದು ನಕ್ಷತ್ರಗಳ ಬೆಳಕಿನಿಂದ, ಧೂಳಿನ ಮೂಲಕ. ನಕ್ಷತ್ರಗಳ ನಡುವೆ ಸಣ್ಣ ಸಣ್ಣ ಧೂಳಿನ ಕಣಗಳಿವೆ. ನಮ್ಮ ಹೊಗೆಯ ಮಸಿಯಲ್ಲಿರುವಂಥ ದೊಡ್ಡ ಇಂಗಾಲದ ಅಣುಗಳೂ ಇವೆ. ನೇರಳಾತೀತ ಬೆಳಕು ಬಿದ್ದಾಗ ಅವುಗಳಿಂದ ಎಲೆಕ್ಟ್ರಾನ್ ಚಿಮ್ಮುತ್ತದೆ. 1905ರಲ್ಲಿ ಐನ್‌ಸ್ಟೀನ್ ವಿವರಿಸಿದ ದ್ಯುತಿವಿದ್ಯುತ್ ಪರಿಣಾಮ ಇದೇ. ಚಿಮ್ಮಿದ ಎಲೆಕ್ಟ್ರಾನ್ ಹತ್ತಿರ ಸುಮಾರು ಒಂದು ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇರುತ್ತದೆ. ನಮ್ಮ ಸಂತೆಯ ಲೆಕ್ಕದಲ್ಲಿ 11,600 ರೂಪಾಯಿ. ಅದು ಢಿಕ್ಕಿ ಹೊಡೆಯುತ್ತಾ ಹೊಡೆಯುತ್ತಾ ಆ ಹಣವನ್ನು ಅನಿಲಕ್ಕೆಲ್ಲ ಹಂಚುತ್ತದೆ.

ಆದರೆ ಧೂಳು ಹೀರಿದ ಬೆಳಕಿನಲ್ಲಿ ಅನಿಲಕ್ಕೆ ಸೇರುವುದು ನೂರಕ್ಕೆ ಹೆಚ್ಚೆಂದರೆ ಕೆಲವೇ ಪಾಲು. ಉಳಿದದ್ದು ಧೂಳನ್ನೇ ಬಿಸಿ ಮಾಡಿ ಅವಕೆಂಪಾಗಿ ಹೋಗುತ್ತದೆ. ಒಳಗೆ ಬಂದಷ್ಟೇ ಹೊರಗೂ ಹೋಗುವ ತಾಪದಲ್ಲಿ ಮೋಡ ನಿಲ್ಲುತ್ತದೆ. ಆ 80 ಕೆಲ್ವಿನ್ ಈ ಜಮೆ ಖರ್ಚು ಸರಿಹೋದ ಜಾಗ.

ಪ್ರಶ್ನೆ: ಇಂಗಾಲ ಮಾತ್ರ ಯಾಕೆ ಎಲೆಕ್ಟ್ರಾನ್ ಕಳೆದುಕೊಳ್ಳುತ್ತದೆ? ಆಮ್ಲಜನಕ ಇಂಗಾಲಕ್ಕಿಂತ ಜಾಸ್ತಿ ಇದೆಯಲ್ಲ?
— ಬಿ.ಎಸ್‌ಸಿ. ವಿದ್ಯಾರ್ಥಿ, ಮಂಗಳೂರು

ಉತ್ತರ: ಎರಡು ಸಂಖ್ಯೆ ಸಾಕು. ಹೈಡ್ರೋಜನ್‌ನಿಂದ ಎಲೆಕ್ಟ್ರಾನ್ ಕಿತ್ತುಹಾಕಲು 13.6 ಎಲೆಕ್ಟ್ರಾನ್ ವೋಲ್ಟ್ ಬೇಕು. ಇಂಗಾಲಕ್ಕೆ 11.26 ಸಾಕು. 13.6ಕ್ಕಿಂತ ಹೆಚ್ಚು ಶಕ್ತಿಯ ಬೆಳಕನ್ನೆಲ್ಲ ಹೈಡ್ರೋಜನ್ ತಾನೇ ನುಂಗಿಬಿಡುತ್ತದೆ, ಏಕೆಂದರೆ ಅದು ಎಲ್ಲೆಡೆ ಇದೆ. ಅದಕ್ಕಿಂತ ಕಡಿಮೆ ಶಕ್ತಿಯ ಬೆಳಕು ಹೈಡ್ರೋಜನ್ ಪರಮಾಣುಗಳ ನಡುವೆ ಆರಾಮವಾಗಿ ದಾಟಿಹೋಗುತ್ತದೆ. ಆ ಸಣ್ಣ ಸಂದಿಯಲ್ಲಿ, 11.26ರಿಂದ 13.6ರ ನಡುವೆ, ಬರುವ ಬೆಳಕು ಇಂಗಾಲಕ್ಕೆ ತಗಲುತ್ತದೆ. ಆಮ್ಲಜನಕಕ್ಕೆ ಬೇಕಾದದ್ದು 13.62. ಕೂದಲೆಳೆಯಷ್ಟು ಜಾಸ್ತಿ, ಅದಕ್ಕೇ ಅದು ಹೈಡ್ರೋಜನ್ ಜೊತೆ ತಟಸ್ಥವಾಗಿಯೇ ಉಳಿಯುತ್ತದೆ. ತಟಸ್ಥ ಆಮ್ಲಜನಕವೂ 63 ಮೈಕ್ರಾನ್ ಬೆಳಕು ಬಿಟ್ಟು ತಂಪು ಮಾಡುತ್ತದೆ. ಅದರ ಬೆಲೆ 228 ರೂಪಾಯಿ. ಬಿಸಿ ಹೆಚ್ಚಿರುವ, ದಟ್ಟವಾದ ಜಾಗದಲ್ಲಿ ಅದರ ಪಾತ್ರ ದೊಡ್ಡದು. 80 ರೂಪಾಯಿಯ ಸಂತೆಯಲ್ಲಿ ಇಂಗಾಲವೇ ಮುಂದು.

ಪ್ರಶ್ನೆ: ನಾನು ಗೌರಿಬಿದನೂರು ತಾಲ್ಲೂಕಿನವನು, ನಿಮ್ಮ ಹಳೆಯ ವಿದ್ಯಾರ್ಥಿ. ನಮ್ಮ ಕಡೆಯ ರೇಡಿಯೋ ಟೆಲಿಸ್ಕೋಪಿಗೂ ಈ ಇಂಗಾಲಕ್ಕೂ ಏನೋ ಸಂಬಂಧ ಇದೆ ಎಂದು ಹಿಂದೆ ಹೇಳಿದ್ದಿರಿ. ಮರೆತುಹೋಗಿದೆ. ಮತ್ತೆ ಹೇಳುತ್ತೀರಾ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಹೇಳುತ್ತೇನೆ ಕಣಪ್ಪ. ನಾನು ಅಲ್ಲಿ ಹನ್ನೊಂದು ವರ್ಷ ಪಾಠ ಮಾಡಿದೆ. ನಿಮ್ಮ ಬ್ಯಾಚನ್ನು ಬಾಡಿಗೆ ಬಸ್ಸಿನಲ್ಲಿ ಆ ಟೆಲಿಸ್ಕೋಪ್ ನೋಡಲು ಕರೆದುಕೊಂಡು ಹೋಗಿದ್ದು ನೆನಪಿದೆಯಾ? ದೊಡ್ಡ ತಟ್ಟೆಯಂಥ ಆಂಟೆನಾ ನೋಡುತ್ತೇವೆ ಅಂದುಕೊಂಡು ಬಂದವರು ಬಯಲಿನಲ್ಲಿ ಸಾಲು ಸಾಲು ಕಂಬ, ತಂತಿ ನೋಡಿ ಪೆಚ್ಚಾಗಿ ನಿಂತಿದ್ದಿರಿ. ನಿಮ್ಮಲ್ಲೊಬ್ಬ ಅದಕ್ಕೆ "ತಂತಿ ತೋಟ" ಎಂದು ಹೆಸರಿಟ್ಟ. ಇಂಗ್ಲಿಷಿನ ಟೀ ಅಕ್ಷರದ ಆಕಾರದಲ್ಲಿ ಸಾವಿರ ಡೈಪೋಲ್‌ಗಳು, ಅಂದರೆ ತಂತಿಯ ಆಂಟೆನಾಗಳು. ಪೂರ್ವದಿಂದ ಪಶ್ಚಿಮಕ್ಕೆ 1.4 ಕಿಲೋಮೀಟರ್, ದಕ್ಷಿಣಕ್ಕೆ ಸುಮಾರು ಅರ್ಧ ಕಿಲೋಮೀಟರ್. ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಕಟ್ಟಿದ್ದು. ಅದು ಕೇಳಿಸಿಕೊಳ್ಳುತ್ತಿದ್ದ ಅಲೆಯ ಕಂಪನಾಂಕ 34.5 ಮೆಗಾಹರ್ಟ್ಸ್. ಅಲೆಯುದ್ದ ಎಂಟೂವರೆ ಮೀಟರಿಗೂ ಹೆಚ್ಚು. ಅಷ್ಟು ಉದ್ದದ ಅಲೆಗೆ ತಟ್ಟೆ ಬೇಕಿಲ್ಲ, ತಂತಿ ಸಾಕು.

ಈಗ ಸಂಬಂಧ. ಎಲೆಕ್ಟ್ರಾನ್ ಕಳೆದುಕೊಂಡ ಇಂಗಾಲ ಆಗೊಮ್ಮೆ ಈಗೊಮ್ಮೆ ಒಂದು ಅಲೆಮಾರಿ ಎಲೆಕ್ಟ್ರಾನನ್ನು ಮತ್ತೆ ಹಿಡಿಯುತ್ತದೆ. ಕೆಲವೊಮ್ಮೆ ಹಿಡಿದ ಎಲೆಕ್ಟ್ರಾನ್ ಬಹಳ ದೂರದ ಕಕ್ಷೆಯಲ್ಲಿ ಕೂರುತ್ತದೆ. ಗೌರಿಬಿದನೂರಿನಲ್ಲಿ ಕೇಳುತ್ತಿದ್ದ ಅಲೆ 575ನೇ ಕಕ್ಷೆಯ ಆಸುಪಾಸಿನದು. ಪುಸ್ತಕದಲ್ಲಿ ನಾವು ಒಂದು, ಎರಡು, ಮೂರನೇ ಕಕ್ಷೆ ಬರೆದು ನಿಲ್ಲಿಸುತ್ತೇವೆ ಅಲ್ವಾ? ಇಲ್ಲಿ 575! ಬೋರ್ಡಿನ ಮೇಲೆ ಬೋರ್ ಸೂತ್ರ ಹಾಕಿ ಆ ಪರಮಾಣುವಿನ ಅಗಲ ಲೆಕ್ಕ ಮಾಡಿಸಿದ್ದೆ. 35 ಮೈಕ್ರಾನ್ ಬಂತು. ಅಂದರೆ ನಿಮ್ಮ ತಲೆಗೂದಲಿನ ದಪ್ಪದ ಅರ್ಧದಷ್ಟು. ಒಂದೇ ಒಂದು ಪರಮಾಣು! ಭೂಮಿಯ ಗಾಳಿಯಲ್ಲಿ ಅಂಥದ್ದು ಒಂದು ಕ್ಷಣವೂ ಉಳಿಯಲಾರದು. ಅಕ್ಕಪಕ್ಕದ ಅಣುಗಳು ಅದರ ಹೊಟ್ಟೆಯೊಳಗೇ ಓಡಾಡುತ್ತಿರುತ್ತವೆ. ಆ ಲೆಕ್ಕ ಮುಗಿದ ದಿನ ಬೆಲ್ ಹೊಡೆದರೂ ಯಾರೂ ಎದ್ದಿರಲಿಲ್ಲ. ನನ್ನ ಮೂವತ್ತೊಂದು ವರ್ಷದ ಪಾಠದಲ್ಲಿ ಅಂಥ ದಿನಗಳನ್ನು ಎಣಿಸಿ ಇಟ್ಟುಕೊಂಡಿದ್ದೇನೆ.

ಇಂಥ ಅಲೆ ಮೊದಲು ಸಿಕ್ಕಿದ್ದು ಉಕ್ರೇನಿನ ಖಾರ್ಕಿವ್ ಬಳಿಯ ಟೆಲಿಸ್ಕೋಪಿಗೆ. 1980ರಲ್ಲಿ ಕೊನೊವಾಲೆಂಕೊ ಮತ್ತು ಸೋಡಿನ್ ಅದನ್ನು ಸಾರಜನಕದ್ದು ಎಂದು ಪ್ರಕಟಿಸಿದರು. ಅದು ಇಂಗಾಲದ್ದು ಎಂದು ಅಮೆರಿಕದ ಖಗೋಳಜ್ಞರು ಅದೇ ವರ್ಷ ಗುರುತಿಸಿದರು. ಆಮೇಲೆ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟಿನ ಕೆ. ಆರ್. ಅನಂತರಾಮಯ್ಯ ಮತ್ತು ನಿಮಿಷಾ ಕಾಂತಾರಿಯಾ ಗೌರಿಬಿದನೂರು ಮತ್ತು ಊಟಿಯ ಟೆಲಿಸ್ಕೋಪುಗಳಿಂದ ಗ್ಯಾಲಕ್ಸಿಯ ಹಲವು ದಿಕ್ಕುಗಳಲ್ಲಿ ಇದನ್ನು ಹುಡುಕಿದರು. ಸಿಡಿದ ನಕ್ಷತ್ರವೊಂದರ ಅವಶೇಷವಾದ ಕ್ಯಾಸಿಯೋಪಿಯ-ಎ ಮುಂದಿರುವ ಮೋಡದ ತಾಪ 75 ಕೆಲ್ವಿನ್ ಆಸುಪಾಸು ಎಂದು 1998ರಲ್ಲಿ ಅವರ ಲೆಕ್ಕ ಹೇಳಿತು. ನಮ್ಮ ಸಂತೆಯ ತಾಪವೇ ಅದು. 158 ಮೈಕ್ರಾನ್ ಬೆಳಕು ಬಿಟ್ಟು ಮೋಡವನ್ನು ಆರಿಸುವ ಅದೇ ಇಂಗಾಲ ಈ ಇನ್ನೊಂದು ದಾರಿಯಿಂದ ತನ್ನ ತಾಪವನ್ನೂ ನಮಗೆ ಹೇಳುತ್ತದೆ. ಅದನ್ನು ನಿಮ್ಮ ತಾಲ್ಲೂಕಿನ ತಂತಿಗಳು ಕೇಳಿಸಿಕೊಂಡವು.

ಪ್ರಶ್ನೆ: 158 ಮೈಕ್ರಾನ್ ಬೆಳಕನ್ನು ನಮ್ಮ ಕಾಲೇಜಿನ ಟೆಲಿಸ್ಕೋಪಿನಲ್ಲಿ ನೋಡಬಹುದೇ? ಕಾಣದಿದ್ದರೆ ಯಾರು, ಹೇಗೆ ನೋಡಿದರು?
— ಲ್ಯಾಬ್ ಸಹಾಯಕರು, ಹಾಸನ

ಉತ್ತರ: ಕಾಲೇಜಿನ ಟೆಲಿಸ್ಕೋಪಿನಲ್ಲಿ ಆಗುವುದಿಲ್ಲ. ಕನ್ನಡಿ ಎಷ್ಟೇ ದೊಡ್ಡದಿದ್ದರೂ ನೆಲದ ಮೇಲಿಂದ ಆಗುವುದಿಲ್ಲ. ಗಾಳಿಯಲ್ಲಿರುವ ನೀರಾವಿ ಈ ಬೆಳಕನ್ನು ಪೂರ್ತಿ ನುಂಗುತ್ತದೆ. ಆದ್ದರಿಂದ ನೀರಾವಿಯ ಮೇಲಕ್ಕೆ ಹೋಗಬೇಕು.

ಈ ಬೆಳಕು ಇರಲೇಬೇಕು ಎಂದು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿದ್ದರು. ಕಂಡದ್ದು ವಿಮಾನದಿಂದ. ನಾಸಾದ ಲಿಯರ್ ಜೆಟ್ ಎಂಬ ಪುಟ್ಟ ವಿಮಾನದಲ್ಲಿ 30 ಸೆಂಟಿಮೀಟರ್ ಟೆಲಿಸ್ಕೋಪ್ ಕೂರಿಸಿಕೊಂಡು ರಸೆಲ್, ಮೆಲ್ನಿಕ್, ಗಲ್ ಮತ್ತು ಹಾರ್ವಿಟ್ ಮಹಾವ್ಯಾಧದ ನೀಹಾರಿಕೆಯನ್ನು ನೋಡಿದರು. 1980ರಲ್ಲಿ ಪ್ರಕಟಿಸಿದರು. 30 ಸೆಂಟಿಮೀಟರ್ ಅಂದರೆ ಒಂದು ಊಟದ ತಟ್ಟೆ. ಅಷ್ಟರಲ್ಲಿ ಕಂಡಿತೆಂದರೆ ಈ ಬೆಳಕು ಎಷ್ಟು ಪ್ರಬಲ ಎಂದು ನೀವೇ ಊಹಿಸಿ. 1989ರಲ್ಲಿ ಹಾರಿದ ಕೋಬ್ ಉಪಗ್ರಹ ಇಡೀ ಆಕಾಶವನ್ನು ಅಳೆದಾಗ ನಮ್ಮ ಆಕಾಶಗಂಗೆ ಈ ಒಂದು ಬಣ್ಣದಲ್ಲೇ ಸುಮಾರು 5 ಕೋಟಿ ಸೂರ್ಯರಷ್ಟು ಶಕ್ತಿ ಹೊರಗೆ ಕಳಿಸುತ್ತಿದೆ ಎಂದು ಗೊತ್ತಾಯಿತು.

ಆಮೇಲೆ ಬಂದದ್ದು ಸೋಫಿಯಾ. ಬೋಯಿಂಗ್ 747 ವಿಮಾನದ ಹಿಂಭಾಗದಲ್ಲಿ ಬಾಗಿಲು ತೆರೆದು ಎರಡೂವರೆ ಮೀಟರ್ ಟೆಲಿಸ್ಕೋಪ್ ಇಟ್ಟಿದ್ದರು. 12 ಕಿಲೋಮೀಟರಿಗಿಂತ ಎತ್ತರದಲ್ಲಿ ಹಾರುವಾಗ ಆ ಬಾಗಿಲು ತೆರೆದೇ ಇರುತ್ತಿತ್ತು. ಮಹಾವ್ಯಾಧದ ನೀಹಾರಿಕೆಯ ನಡುವಿನ ದೊಡ್ಡ ನಕ್ಷತ್ರ ತಾನು ಹೊರಚಿಮ್ಮುವ ಕಣಗಳ ಗಾಳಿಯಿಂದ ಸುತ್ತಲಿನ ಅನಿಲವನ್ನು ಗುಳ್ಳೆಯ ಹಾಗೆ ಊದುತ್ತಿದೆ, ಗುಳ್ಳೆಯ ಸಿಪ್ಪೆ ಸೆಕೆಂಡಿಗೆ 13 ಕಿಲೋಮೀಟರ್ ವೇಗದಲ್ಲಿ ಹಿಗ್ಗುತ್ತಿದೆ ಎಂದು 2019ರಲ್ಲಿ ಇಂಗಾಲದ ಇದೇ ಬೆಳಕಿನಿಂದ ಕಂಡುಕೊಂಡರು. 2022ರ ಸೆಪ್ಟೆಂಬರಿನಲ್ಲಿ ಸೋಫಿಯಾವನ್ನು ನಿಲ್ಲಿಸಿದರು. ಅದಕ್ಕೆ ಸಮನಾದ ವಿಮಾನ ಇನ್ನೂ ಬಂದಿಲ್ಲ. ಅದನ್ನು ಓದಿದ ದಿನ ನನಗೆ ನಿಜವಾಗಿಯೂ ಬೇಸರವಾಗಿತ್ತು.

ನಮ್ಮ ದೇಶದ ಕೆಲಸವನ್ನೂ ಹೇಳಬೇಕು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹೈದರಾಬಾದಿನಿಂದ ದೊಡ್ಡ ಬಲೂನುಗಳನ್ನು ಹಾರಿಸುತ್ತದೆ. ಒಂದು ಮೀಟರ್ ಅಗಲದ ಅವಕೆಂಪು ಟೆಲಿಸ್ಕೋಪನ್ನು ಸುಮಾರು 30 ಕಿಲೋಮೀಟರ್ ಮೇಲಕ್ಕೆ ಒಯ್ದು, ಜಪಾನಿನವರು ಮಾಡಿದ ರೋಹಿತಮಾಪಕ (ಬೆಳಕನ್ನು ಅಲೆಯುದ್ದಕ್ಕೆ ತಕ್ಕಂತೆ ಬಿಡಿಸುವ ಉಪಕರಣ) ಸೇರಿಸಿ, ವೃಶ್ಚಿಕದಲ್ಲಿರುವ ಎನ್‌ಜಿಸಿ 6334ರಂಥ ನಕ್ಷತ್ರ ಹುಟ್ಟುವ ತಾಣಗಳಲ್ಲಿ ಇದೇ 158 ಮೈಕ್ರಾನ್ ಬೆಳಕಿನ ನಕ್ಷೆ ಮಾಡಿದ್ದಾರೆ. ಇತ್ತೀಚಿನದು ನಾಸಾದ ಗಸ್ಟೊ ಬಲೂನು. 2023ರ ಡಿಸೆಂಬರ್ 31ರಂದು ಅಂಟಾರ್ಕ್ಟಿಕಾದಿಂದ ಹೊರಟು 57 ದಿನ ಆಕಾಶದಲ್ಲಿತ್ತು.

ಪ್ರಶ್ನೆ: ಹಾಗಾದರೆ ಈ ಬೆಳಕನ್ನು ಅಳೆದರೆ ಒಂದು ಗ್ಯಾಲಕ್ಸಿಯಲ್ಲಿ ಎಷ್ಟು ನಕ್ಷತ್ರ ಹುಟ್ಟುತ್ತಿವೆ ಎಂದು ಹೇಳಬಹುದೇ?
— ಎಂ.ಎಸ್‌ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಸಾಮಾನ್ಯ ಗ್ಯಾಲಕ್ಸಿಗಳಲ್ಲಿ ಚೆನ್ನಾಗಿಯೇ ಹೇಳಬಹುದು. ಎಳೆಯ ನಕ್ಷತ್ರಗಳ ನೇರಳಾತೀತ ಬೆಳಕು ಅನಿಲವನ್ನು ಬಿಸಿ ಮಾಡುತ್ತದೆ. ಬಂದಷ್ಟು ಶಾಖ ಹೊರಗೆ ಹೋಗಬೇಕು. ಹಾಗಾಗಿ ಖರ್ಚು ನೋಡಿ ಜಮೆ ಊಹಿಸಬಹುದು. ಗ್ಯಾಲಕ್ಸಿ ಹೊರಸೂಸುವ ಒಟ್ಟು ದೂರದ ಅವಕೆಂಪಿನಲ್ಲಿ ಸಾವಿರಕ್ಕೆ ಒಂದರಿಂದ ನೂರಕ್ಕೆ ಒಂದು ಪಾಲು 158 ಮೈಕ್ರಾನಿನ ಈ ಒಂದೇ ಗೆರೆಯಲ್ಲಿ, ಅಂದರೆ ಒಂದೇ ಅಲೆಯುದ್ದದ ಬೆಳಕಿನಲ್ಲಿ ಬರುತ್ತದೆ.

ಆದರೆ ತುಂಬಾ ಧೂಳು ತುಂಬಿ, ಅತಿ ರಭಸದಲ್ಲಿ ನಕ್ಷತ್ರ ಹುಟ್ಟಿಸುತ್ತಿರುವ ಗ್ಯಾಲಕ್ಸಿಗಳಲ್ಲಿ ಈ ಗೆರೆ ನಿರೀಕ್ಷೆಗಿಂತ ಬಹಳ ಮಂಕು. ಇದಕ್ಕೆ ಕಾರಣಗಳು ಹಲವು. ಬೆಳಕು ಜೋರಾಗಿದ್ದರೆ ಧೂಳಿನ ಕಣಗಳು ಎಲೆಕ್ಟ್ರಾನ್ ಕಳೆದುಕೊಂಡು ಕಳೆದುಕೊಂಡು ಧನ ವಿದ್ಯುದಂಶ ತುಂಬಿಕೊಳ್ಳುತ್ತವೆ. ಮುಂದಿನ ಎಲೆಕ್ಟ್ರಾನ್ ಬಿಟ್ಟುಕೊಡುವುದು ಅವಕ್ಕೆ ಕಷ್ಟವಾಗುತ್ತದೆ. ಅನಿಲಕ್ಕೆ ಶಾಖ ಸೇರುವುದೇ ಕಡಿಮೆಯಾಗುತ್ತದೆ. ಇನ್ನೊಂದು, ಒಂದು ಘನ ಸೆಂಟಿಮೀಟರಿಗೆ ಸುಮಾರು ಮೂರು ಸಾವಿರಕ್ಕಿಂತ ಜಾಸ್ತಿ ಪರಮಾಣುಗಳಿದ್ದರೆ ಇಂಗಾಲ ಮೆಟ್ಟಿಲಿನ ಮೇಲೆ ಆ ಐದು ದಿನ ಕೂರುವಷ್ಟರಲ್ಲಿ ಇನ್ನೊಂದು ಢಿಕ್ಕಿ ಬಂದು ಶಕ್ತಿಯನ್ನು ವಾಪಸ್ ಕಿತ್ತುಕೊಳ್ಳುತ್ತದೆ. ಬೆಳಕು ಹೊರಡುವುದಿಲ್ಲ. ಯಾವ ಗ್ಯಾಲಕ್ಸಿಯಲ್ಲಿ ಯಾವ ಕಾರಣ ಎಷ್ಟು ಪಾಲು ಎಂಬುದರ ಬಗ್ಗೆ ಚರ್ಚೆ ನಡೆದೇ ಇದೆ. ನೀವು ಪಿಎಚ್‌.ಡಿ. ಮಾಡುವ ಯೋಚನೆಯಲ್ಲಿದ್ದೀರಿ ಎಂದು ಬರೆದಿದ್ದೀರಿ. ಇಲ್ಲಿ ಕೆಲಸ ಬೇಕಾದಷ್ಟಿದೆ.

ದೂರದ ಗ್ಯಾಲಕ್ಸಿಗಳಲ್ಲಿ ಒಂದು ಅನುಕೂಲವಿದೆ. ವಿಶ್ವ ಹಿಗ್ಗುತ್ತಿರುವುದರಿಂದ ಈ ಬೆಳಕಿನ ಅಲೆಯೂ ದಾರಿಯಲ್ಲಿ ಹಿಗ್ಗುತ್ತದೆ. 158 ಮೈಕ್ರಾನ್ ಇದ್ದದ್ದು ಒಂದು ಮಿಲಿಮೀಟರ್ ಆಸುಪಾಸಿಗೆ ಬರುತ್ತದೆ. ಆಗ ನೀರಾವಿ ಅಷ್ಟು ತಡೆಯುವುದಿಲ್ಲ, ಒಣ ಬೆಟ್ಟದ ಮೇಲಿಂದ ನೋಡಬಹುದು. ಚಿಲಿಯ ಅಟಕಾಮ ಮರುಭೂಮಿಯಲ್ಲಿ 5,000 ಮೀಟರ್ ಎತ್ತರದಲ್ಲಿರುವ ಆಲ್ಮಾ ಟೆಲಿಸ್ಕೋಪ್ ಮಾಡುವುದು ಇದನ್ನೇ. ಪುಣೆಯ ರಾಷ್ಟ್ರೀಯ ರೇಡಿಯೋ ಖಭೌತ ಕೇಂದ್ರದ ನಿಸ್ಸಿಮ್ ಕಾನೇಕರ್ ಮತ್ತು ಅವರ ಜೊತೆಗಾರರು ಹೀಗೆ 1,200 ಕೋಟಿ ವರ್ಷ ಹಿಂದಿನ ಗ್ಯಾಲಕ್ಸಿಗಳನ್ನು ನೋಡಿದ್ದಾರೆ. ಅದರಲ್ಲೊಂದಕ್ಕೆ ವುಲ್ಫ್ ಡಿಸ್ಕ್ ಎಂದು ಹೆಸರು. ಮಹಾಸ್ಫೋಟವಾಗಿ 150 ಕೋಟಿ ವರ್ಷವಷ್ಟೇ ಆಗಿದ್ದಾಗ ಅದು ತಣ್ಣಗಿನ ಅನಿಲದ ತಟ್ಟೆಯಾಗಿ ಸೆಕೆಂಡಿಗೆ 272 ಕಿಲೋಮೀಟರ್ ವೇಗದಲ್ಲಿ ತಿರುಗುತ್ತಿತ್ತು. 2020ರಲ್ಲಿ ಪ್ರಕಟವಾಯಿತು. ತಿರುಗುವುದು ಗೊತ್ತಾದದ್ದು ಇಂಗಾಲದ ಈ ಗೆರೆಯಿಂದ. ಒಂದು ಬದಿಯಲ್ಲಿ ಅಲೆಯುದ್ದ ಸ್ವಲ್ಪ ಹೆಚ್ಚು, ಇನ್ನೊಂದು ಬದಿಯಲ್ಲಿ ಸ್ವಲ್ಪ ಕಡಿಮೆ ಇತ್ತು.

ಪ್ರಶ್ನೆ: ಇಂಗಾಲ ನಕ್ಷತ್ರದ ಒಳಗೆ ತಯಾರಾಗುತ್ತದೆ ಎಂದು ನಮ್ಮ ಮಿಸ್ ಹೇಳಿದರು. ನಕ್ಷತ್ರ ಹುಟ್ಟಲು ಇಂಗಾಲ ಬೇಕು ಎಂದು ನೀವು ಹೇಳುತ್ತೀರಿ. ಹಾಗಾದರೆ ಮೊದಲನೇ ನಕ್ಷತ್ರ ಹೇಗೆ ಹುಟ್ಟಿತು?
— ಏಳನೇ ತರಗತಿ, ಕೊಳ್ಳೇಗಾಲ

ಉತ್ತರ: ಪುಟ್ಟಾ, ಈ ಸಲ ಬಂದ ಪತ್ರಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ ಇದು. ನಿಮ್ಮ ಮಿಸ್‌ಗೂ ತೋರಿಸು.

ಮೊದಲ ನಕ್ಷತ್ರಗಳ ಕಾಲದಲ್ಲಿ ಹೈಡ್ರೋಜನ್, ಹೀಲಿಯಂ, ಚಿಟಿಕೆ ಲಿಥಿಯಂ ಇಷ್ಟೇ ಇದ್ದದ್ದು. ಆಗ ಎರಡೆರಡು ಹೈಡ್ರೋಜನ್ ಪರಮಾಣು ಸೇರಿ ಅಣುವಾಗಿ, ಆ ಅಣುಗಳು ಬೆಳಕು ಬಿಟ್ಟು ಅನಿಲವನ್ನು ಆರಿಸಿದವು. ಹೈಡ್ರೋಜನ್ ಅಣುವಿನ ಮೊದಲ ಮೆಟ್ಟಿಲಿನ ಬೆಲೆ ಸುಮಾರು 510 ರೂಪಾಯಿ. ದುಬಾರಿ. ಅದಕ್ಕೇ ಅನಿಲ 200 ಕೆಲ್ವಿನ್ ಆಸುಪಾಸಿಗೆ ಬಂದು ನಿಂತುಬಿಟ್ಟಿತು. ಬಿಸಿ ಜಾಸ್ತಿ ಉಳಿದದ್ದರಿಂದ ಚಿಕ್ಕ ತುಂಡುಗಳು ಕುಸಿಯಲಿಲ್ಲ, ದೊಡ್ಡ ತುಂಡುಗಳು ಕುಸಿದವು. ಹಾಗಾಗಿ ಮೊದಲ ನಕ್ಷತ್ರಗಳು ಬಹುಪಾಲು ಸೂರ್ಯನಿಗಿಂತ ತುಂಬಾ ದೊಡ್ಡವು ಎಂದು ಲೆಕ್ಕಗಳು ಹೇಳುತ್ತವೆ. ದೊಡ್ಡ ನಕ್ಷತ್ರ ಬೇಗ ಉರಿದು ಮುಗಿಯುತ್ತದೆ. ಅವುಗಳ ಒಳಗೆ ಮೂರು ಮೂರು ಹೀಲಿಯಂ ಸೇರಿ ಇಂಗಾಲವಾಗಿತ್ತು. ಸಿಡಿದಾಗ ಅದು ಸುತ್ತ ಚೆಲ್ಲಿತು. ಸೂರ್ಯನಲ್ಲಿ ಇರುವುದರ ಮೂರು ಸಾವಿರದಲ್ಲಿ ಒಂದು ಪಾಲಿನಷ್ಟು ಇಂಗಾಲ ಬೆರೆತರೂ ಸಾಕು, ಅನಿಲ ಇನ್ನೂ ಆರಿ ಚಿಕ್ಕ ನಕ್ಷತ್ರಗಳು ಹುಟ್ಟಬಹುದು ಎಂದು ಬ್ರಾಮ್ ಮತ್ತು ಲೋಬ್ ಎಂಬ ಖಗೋಳ ವಿಜ್ಞಾನಿಗಳು 2003ರಲ್ಲಿ ಲೆಕ್ಕ ಹಾಕಿದರು. ನಮ್ಮ ಸೂರ್ಯ ಹುಟ್ಟಿದ್ದು ಅದೆಲ್ಲಾ ಆಗಿ ಬಹಳ ಕಾಲದ ಮೇಲೆ.

ಪ್ರಶ್ನೆ: ಈ ಮೋಡಗಳಲ್ಲಿ ಒಂದನ್ನಾದರೂ ಬರಿಗಣ್ಣಿನಿಂದ ನೋಡಬಹುದೇ?
— ಗೃಹಿಣಿ, ಚಿಕ್ಕಮಗಳೂರು

ಉತ್ತರ: ನೋಡಬಹುದಮ್ಮ. ಜನವರಿಯಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಮನೆಯ ದೀಪ ಆರಿಸಿ ಹೊರಗೆ ಬನ್ನಿ. ಸಾಲಾಗಿ ಮೂರು ನಕ್ಷತ್ರ ಕಾಣುತ್ತವೆ, ಮಹಾವ್ಯಾಧನ ಸೊಂಟದ ಪಟ್ಟಿ. ಅದರ ಕೆಳಗೆ, ದಕ್ಷಿಣಕ್ಕೆ, ಕತ್ತಿಯ ಹಾಗೆ ಇಳಿಬಿದ್ದ ಮಸುಕು ಸಾಲೊಂದಿದೆ. ಅದರ ನಡುವಿನ ಚುಕ್ಕಿ ಮಂಜು ಕವಿದ ಹಾಗೆ ಕಾಣುತ್ತದೆ. ಸುಮಾರು 1,300 ಜ್ಯೋತಿರ್ವರ್ಷ ದೂರದ ನೀಹಾರಿಕೆ ಅದೇ. ಕಣ್ಣಿಗೆ ಕಾಣುವ ಮಂಜು ಅದರ ಬಿಸಿ ಭಾಗ. ಇಂಗಾಲ ಆರಿಸುತ್ತಿರುವ ಅನಿಲ ಆ ಮಂಜಿನ ಹಿಂದೆ ಮತ್ತು ಸುತ್ತ ಇದೆ. ಬೈನಾಕ್ಯುಲರ್ ಇದ್ದರೆ ತನ್ನಿ. ಮಕ್ಕಳನ್ನೂ ಕರೆಯಿರಿ, ಸ್ವೆಟರ್ ಹಾಕಿಸಿ.